ಅರುಂಧತಿ ಕಂಡಳಾ? ಸುಳ್ಳು ಹೇಳಬೇಡಿ!

ಹೋದ ವೈಶಾಖದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಬೆಂಗಳೂರಿನ ಒಂದು ಕಲ್ಯಾಣ ಮಂಟಪ. ಬೆಳಿಗ್ಗೆ ಹತ್ತು ಮುಕ್ಕಾಲು. ಧಾರೆ ಮುಗಿದು, ಸಪ್ತಪದಿ ಮುಗಿದು, ಪುರೋಹಿತರು ‘ಈಗ ಅರುಂಧತಿ ದರ್ಶನ’ ಅಂದರು. ಹುಡುಗ ಹುಡುಗಿಯ ಕೈ ಹಿಡಿದು ಮೇಲಕ್ಕೆ ಬೆರಳು ತೋರಿಸಿದ. ಬೆರಳಿನ ನೇರಕ್ಕೆ ಒಂದು ಸೀಲಿಂಗ್ ಫ್ಯಾನು, ಅದರ ಪಕ್ಕ ಜರ್ಬೆರಾ ಹೂವಿನ ಗೊಂಚಲು. ಫೋಟೋಗ್ರಾಫರ್ ‘ಸಾರ್, ಇನ್ನೊಂದ್ಸಲ.. ಬೆರಳು ಸ್ವಲ್ಪ ಲೆಫ್ಟಿಗೆ.. ಮೇಡಂ ಮೇಲೆ ನೋಡಿ, ಸ್ಮೈಲ್’ ಅಂದ. ಅರುಂಧತಿ ಎಡಕ್ಕೆ ಸರಿದಳು. ‘ಕಂಡಳಾ?’ ಅಂತ ಪುರೋಹಿತರು ಕೇಳಿದರು. ‘ಕಂಡಳು’ ಅಂದರು ಇಬ್ಬರೂ.

ಇಷ್ಟಾಗಿದ್ದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ ಬಿಡಿ. ಇದೆಲ್ಲ ಎಲ್ಲ ಮದುವೆಯಲ್ಲೂ ಇದ್ದದ್ದೇ. ಆದರೆ ಅಷ್ಟರಲ್ಲಿ ನಮ್ಮ ಹಿರಿಯ ಸಂಬಂಧಿಕರೊಬ್ಬರು ಮೈಕು ಇಸಕೊಂಡರು. ‘ಈಗಿನ ಹುಡುಗರಿಗೆ ಗೊತ್ತಿರಲಿ’ ಅಂತ ಶುರು ಮಾಡಿ, ನಿಮಗೂ ನೂರು ಸಲ ವಾಟ್ಸಾಪಿನಲ್ಲಿ ಬಂದಿರುವ ಆ ಭಾಷಣವನ್ನು ಪೂರ್ತಿ ಒಪ್ಪಿಸಿದರು. ಅದೇನಪ್ಪಾ ಅಂದ್ರೆ, ಆಕಾಶದಲ್ಲಿ ಜೋಡಿ ನಕ್ಷತ್ರಗಳು ಬೇಕಾದಷ್ಟಿವೆ, ಎಲ್ಲದರಲ್ಲೂ ಒಂದು ಸುಮ್ಮನೆ ನಿಂತಿರುತ್ತದೆ, ಇನ್ನೊಂದು ಅದರ ಸುತ್ತ ತಿರುಗುತ್ತದೆ. ಆದರೆ ವಸಿಷ್ಠ-ಅರುಂಧತಿ ಮಾತ್ರ ಒಬ್ಬರ ಸುತ್ತ ಒಬ್ಬರು ತಿರುಗುತ್ತಾರೆ. ಗಂಡ-ಹೆಂಡತಿ ಸಮಾನರು ಅಂತ ಸಾರುವುದಕ್ಕೇ ನಮ್ಮ ಋಷಿಗಳು ಸಾವಿರಾರು ವರ್ಷಗಳ ಹಿಂದೆ ಈ ಜೋಡಿಯನ್ನೇ ಆರಿಸಿದರು. ನಾಸಾದವರಿಗೆ ಇದು ಈಗ ಗೊತ್ತಾಗಿದೆ. ಚಪ್ಪಾಳೆ.

ನಾನೂ ಚಪ್ಪಾಳೆ ತಟ್ಟಿದೆ. ಮದುವೆ ಮನೆಯಲ್ಲಿ ಜಗಳ ಯಾಕೆ ಅಂತ. ಆ ಚಪ್ಪಾಳೆಯ ಪಾಪಕ್ಕೆ ಪ್ರಾಯಶ್ಚಿತ್ತ ಈ ಬರಹ :-)

ಪಕ್ಕದಲ್ಲಿ ಮದುಮಗಳ ಅಕ್ಕನ ಮಗ ಕೂತಿದ್ದ, ಒಂಬತ್ತು ವರ್ಷದವನು. ‘ಮಾಮ, ನಿಜವಾಗ್ಲೂ ಈಗ ಆ ಸ್ಟಾರ್ ಅಲ್ಲಿದೆಯಾ?’ ಅಂದ. ನಾನು ಫೋನಿನಲ್ಲಿ ಸ್ಟೆಲೇರಿಯಂ ತೆಗೆದು ನೋಡಿದೆ. ಮೇ ತಿಂಗಳ ನಡುವೆ, ಬೆಂಗಳೂರಿನಲ್ಲಿ, ಬೆಳಿಗ್ಗೆ ಹತ್ತು ಮುಕ್ಕಾಲಿಗೆ ಅರುಂಧತಿ ಉತ್ತರ ದಿಗಂತಕ್ಕಿಂತ ಸುಮಾರು ಇಪ್ಪತ್ತು ಡಿಗ್ರಿ ಕೆಳಗಿರುತ್ತಾಳೆ. ಅಂದರೆ ಬೆರಳು ಮೇಲಕ್ಕಲ್ಲ, ನೆಲದ ಕಡೆಗೆ ತೋರಿಸಬೇಕಿತ್ತು. ಹಗಲು ಹೊತ್ತು, ಬೆಳಕಿಗೆ ಕಾಣುವುದಿಲ್ಲ ಅನ್ನೋ ಮಾತು ಹಾಗಿರಲಿ, ಅವಳು ಆಕಾಶದಲ್ಲೇ ಇರಲಿಲ್ಲ! ಮಧ್ಯಾಹ್ನ ಮೂರರ ಹೊತ್ತಿಗೆ, ನಾವೆಲ್ಲ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿರುವಾಗ ಅವಳು ಹುಟ್ಟುವುದು. (ಕಾರ್ತಿಕ-ಮಾರ್ಗಶಿರದ ಮದುವೆಯಾದರೆ ಬೆಳಿಗ್ಗೆ ಹನ್ನೊಂದಕ್ಕೆ ಅವಳು ನಿಜಕ್ಕೂ ಮೇಲಿರುತ್ತಾಳೆ, ಉತ್ತರಕ್ಕೆ, ಬಿಸಿಲಿನಲ್ಲಿ ಮುಚ್ಚಿಹೋಗಿ. ಅಲ್ಲೂ ನಾವು ಬೆರಳು ತೋರಿಸುವುದು ಫೋಟೋಗ್ರಾಫರ್ ನಿಂತ ಕಡೆಗೇ.)

ಈಗ ಆ ಭಾಷಣಕ್ಕೆ ಬರೋಣ. ನಾನು ಸಾಫ್ಟ್‌ವೇರ್ ಜನ, ಒಂದೊಂದೇ ಟೆಸ್ಟ್ ಕೇಸ್ ಓಡಿಸುತ್ತೇನೆ.

ಮೊದಲನೇದು. ‘ಉಳಿದ ಜೋಡಿಗಳಲ್ಲಿ ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ.’ ಸುಳ್ಳು. ಪಿಯುಸಿ ಫಿಸಿಕ್ಸ್ ಮರೆತಿಲ್ಲದವರಿಗೆಲ್ಲ ಇದು ಗೊತ್ತಿರಬೇಕು. ಗುರುತ್ವದಲ್ಲಿ ಕಟ್ಟಿಕೊಂಡ ಯಾವುದೇ ಎರಡು ಕಾಯಗಳು ತಮ್ಮಿಬ್ಬರ ಸಮಾನ ದ್ರವ್ಯರಾಶಿ ಕೇಂದ್ರದ ಸುತ್ತ ತಿರುಗುತ್ತವೆ. ಭಾರದವನು ಚಿಕ್ಕ ಸುತ್ತು ಹಾಕುತ್ತಾನೆ, ಹಗುರದವನು ದೊಡ್ಡ ಸುತ್ತು ಹಾಕುತ್ತಾನೆ, ಅಷ್ಟೇ ವ್ಯತ್ಯಾಸ. ನಿಂತವರು ಯಾರೂ ಇಲ್ಲ. ಭೂಮಿ-ಚಂದ್ರರೂ ಹೀಗೇ. ಆದ್ದರಿಂದ ‘ಇಡೀ ಆಕಾಶದಲ್ಲಿ ಇದೊಂದೇ’ ಅನ್ನುವುದಕ್ಕೆ ಆಧಾರವೇ ಇಲ್ಲ.

ಎರಡನೇದು. ‘ವಸಿಷ್ಠ-ಅರುಂಧತಿ ಒಬ್ಬರ ಸುತ್ತ ಒಬ್ಬರು ತಿರುಗುವುದನ್ನು ಋಷಿಗಳು ನೋಡಿದ್ದರು.’ ಇವರಿಬ್ಬರೂ ನಮ್ಮಿಂದ ಸುಮಾರು 83 ಜ್ಯೋತಿರ್ವರ್ಷ ದೂರದಲ್ಲಿದ್ದಾರೆ. ಆಕಾಶದಲ್ಲಿ ಇಬ್ಬರ ನಡುವಿನ ಅಂತರ ಸುಮಾರು 12 ಕಲೆ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ಈ ಎರಡು ಅಂಕಿ ಇಟ್ಟುಕೊಂಡು ಗುಣಿಸಿದರೆ, ಕಡಿಮೆ ಎಂದರೂ ಅವರಿಬ್ಬರ ನಡುವೆ ಸೂರ್ಯ-ಭೂಮಿ ದೂರದ 18 ಸಾವಿರ ಪಟ್ಟು ಅಂತರ. ಕೆಪ್ಲರನ ಮೂರನೇ ನಿಯಮ ಹಾಕಿ, ಒಟ್ಟು ದ್ರವ್ಯರಾಶಿ ಸೂರ್ಯನ ಎಂಟೊಂಬತ್ತು ಪಟ್ಟು ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಏಳೆಂಟು ಲಕ್ಷ ವರ್ಷ! ಇದು ಕನಿಷ್ಠ ಲೆಕ್ಕ. ಒಬ್ಬರು ಸ್ವಲ್ಪ ಮುಂದೆ, ಒಬ್ಬರು ಹಿಂದೆ ಇದ್ದರೆ ಅದು ಹತ್ತಾರು ಲಕ್ಷಕ್ಕೆ ಹೋಗುತ್ತದೆ. ವೇದಗಳ ಕಾಲದಿಂದ ಇವತ್ತಿನವರೆಗೆ ಒಂದು ಸುತ್ತಿನಲ್ಲಿ ನೂರಕ್ಕೆ ಅರ್ಧ ಭಾಗವೂ ಆಗಿಲ್ಲ. ಅದನ್ನು ಯಾವ ಋಷಿ, ಯಾವ ಕಣ್ಣಿನಲ್ಲಿ, ಎಷ್ಟು ಜನ್ಮ ಕೂತು ನೋಡಿದರು ಸ್ವಾಮಿ? ಅಷ್ಟಕ್ಕೂ ಇವರಿಬ್ಬರು ಗುರುತ್ವದಲ್ಲಿ ಕಟ್ಟಿಕೊಂಡಿದ್ದಾರೆಯೇ ಅನ್ನುವುದೇ ಬಹಳ ಕಾಲ ಅನುಮಾನವಿತ್ತು. 2009ರ ನಂತರದ ಅಧ್ಯಯನಗಳು ‘ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು’ ಅನ್ನುತ್ತವೆ. ಹೆಚ್ಚು, ಅಷ್ಟೇ.

ಮೂರನೇದು. ‘ಸಮಾನತೆಯ ಸಂಕೇತ.’ ಇದನ್ನು ಕೇಳಿದಾಗ ಮಾತ್ರ ನಗು ತಡೆಯಲಾಗಲಿಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮುಂಚೆ ವ್ಯಾಸರು ಧೃತರಾಷ್ಟ್ರನಿಗೆ ಅಪಶಕುನಗಳ ಪಟ್ಟಿ ಕೊಡುತ್ತಾರೆ. ದೇವರ ಮೂರ್ತಿಗಳು ನಡುಗುತ್ತಿವೆ, ನಗುತ್ತಿವೆ, ಹಸುವಿನ ಹೊಟ್ಟೆಯಲ್ಲಿ ಕತ್ತೆ ಹುಟ್ಟುತ್ತಿದೆ.. ಆ ಪಟ್ಟಿಯಲ್ಲೇ ಇನ್ನೊಂದು: ಅರುಂಧತಿ ವಸಿಷ್ಠನನ್ನು ಹಿಂದೆ ಹಾಕಿ ಮುಂದೆ ಹೋಗಿದ್ದಾಳೆ. ಹೆಂಡತಿ ಗಂಡನಿಗಿಂತ ಮುಂದೆ ನಡೆದರೆ ಲೋಕಕ್ಕೆ ಕೇಡು ಅನ್ನುವ ಕಾಲದ ಮಾತು ಅದು. (ಈ ಒಂದು ಸಾಲನ್ನೇ ಹಿಡಿದು ಯುದ್ಧದ ತಾರೀಖು ಲೆಕ್ಕ ಹಾಕುವವರೂ ಇದ್ದಾರೆ. ಅದೇ ಪಟ್ಟಿಯ ಕತ್ತೆ ಹಾಕಿದ ಹಸುವನ್ನು ಹಿಡಿದು ಯಾಕೆ ಲೆಕ್ಕ ಹಾಕುವುದಿಲ್ಲ ಅಂತ ಕೇಳಬೇಕು.) ನಿಜವಾಗಿ ಆಕಾಶದಲ್ಲಿ ಏನಾಗುತ್ತದೆ ಗೊತ್ತಾ? ಇಬ್ಬರೂ ಪೂರ್ವದಿಂದ ಪಶ್ಚಿಮಕ್ಕೆ ಸಾಗುವಾಗ ನಮ್ಮ ತಲೆಯ ನೇರದ ಉತ್ತರ-ದಕ್ಷಿಣ ಗೆರೆಯನ್ನು ವಸಿಷ್ಠ ಮೊದಲು ದಾಟುತ್ತಾನೆ. ಒಂದು ಕಾಲು ನಿಮಿಷ ಬಿಟ್ಟು ಅರುಂಧತಿ. ಹಿಂದಿನವರು ಕಂಡಿದ್ದನ್ನು ಕಂಡ ಹಾಗೆ, ತಮ್ಮ ಕಾಲದ ಸಂಸಾರಕ್ಕೆ ಹೊಂದಿಸಿ ಹೇಳಿದರು. ಸಮಾನತೆಯನ್ನು ಅದಕ್ಕೆ ಅಂಟಿಸಿದ್ದು ನಾವು, ಈಗ. ಸಮಾನತೆ ಬೇಕಿದ್ದರೆ ಮನೆಯಲ್ಲಿ ಪಾತ್ರೆ ತೊಳೆಯೋಣ, ನಕ್ಷತ್ರದ ತಲೆಗೆ ಯಾಕೆ ಕಟ್ಟುವುದು?

ಇಷ್ಟು ಹೇಳಿದ ಕೂಡಲೇ ‘ನೀನು ಮೆಕಾಲೆ ಮಗ, ಪಶ್ಚಿಮದ ಗುಲಾಮ’ ಅಂತ ಬರುವವರಿಗಾಗಿ ಒಂದು ಪಶ್ಚಿಮದ ಕಥೆ. 1722ರಲ್ಲಿ ಜರ್ಮನಿಯ ಯೋಹಾನ್ ಲೀಬ್‌ಕ್ನೆಕ್ಟ್ ಅನ್ನುವ ಪ್ರೊಫೆಸರ್ ದೂರದರ್ಶಕದಲ್ಲಿ ಇದೇ ವಸಿಷ್ಠ-ಅರುಂಧತಿಯರ ನಡುವೆ ಒಂದು ಮಂಕು ಚುಕ್ಕಿ ನೋಡಿದರು. ಅದು ಜಾಗ ಬದಲಿಸುತ್ತಿದೆ, ಹೊಸ ಗ್ರಹ ಅಂತ ನಂಬಿ, ತಮ್ಮ ನಾಡಿನ ದೊರೆ ಲುಡ್ವಿಗನ ಹೆಸರು ಇಟ್ಟೇಬಿಟ್ಟರು. ನೋಡಿದರೆ ಅದು ಗ್ರಹವೂ ಅಲ್ಲ, ಏನೂ ಅಲ್ಲ. ಬಹಳ ಹಿಂದೆ, ತನ್ನ ಪಾಡಿಗೆ ತಾನಿರುವ ಒಂದು ಸಾಮಾನ್ಯ ನಕ್ಷತ್ರ. ದೊರೆಯ ಹೆಸರು ಇವತ್ತಿಗೂ ಆ ಚುಕ್ಕಿಗೆ ಅಂಟಿಕೊಂಡಿದೆ, ಜನ ನಗುವುದಕ್ಕೆ. ಹೆಮ್ಮೆ ಮೊದಲು, ನೋಡುವುದು ಆಮೇಲೆ ಅನ್ನುವ ಕಾಯಿಲೆಗೆ ಪೂರ್ವ-ಪಶ್ಚಿಮ ಇಲ್ಲ.

ನನ್ನ ಸಿಟ್ಟು ಏನಂದರೆ, ಈ ಸುಳ್ಳು ಹೆಮ್ಮೆಯ ಅಡಿಯಲ್ಲಿ ನಿಜವಾದ, ಹತ್ತು ಪಟ್ಟು ಸೊಗಸಾದ ಕಥೆ ಸತ್ತುಹೋಗುತ್ತಿದೆ. ಆಧುನಿಕ ಖಗೋಳಶಾಸ್ತ್ರದ ಎಷ್ಟೋ ‘ಮೊದಲು’ಗಳು ಈ ಜೋಡಿಯ ಹೆಸರಿನಲ್ಲೇ ಇವೆ. 1617ರಲ್ಲಿ ಕ್ಯಾಸ್ಟೆಲ್ಲಿ ಅನ್ನುವ ಶಿಷ್ಯನ ಮಾತು ಕೇಳಿ ಗೆಲಿಲಿಯೋ ದೂರದರ್ಶಕ ತಿರುಗಿಸಿದಾಗ ವಸಿಷ್ಠನೇ ಎರಡಾಗಿ ಕಂಡ. ಅರುಂಧತಿ ಅಲ್ಲ, ವಸಿಷ್ಠನ ಒಳಗೇ ಇಬ್ಬರು! 1857ರಲ್ಲಿ ಮೊದಲ ಬಾರಿಗೆ ಜೋಡಿ ನಕ್ಷತ್ರವೊಂದರ ಫೋಟೋ ತೆಗೆದಾಗ ಕ್ಯಾಮೆರಾ ಎದುರಿಗಿದ್ದವರು ಇವರೇ. 1889ರಲ್ಲಿ ಹಾರ್ವರ್ಡಿನಲ್ಲಿ ಪಿಕರಿಂಗ್ ಇನ್ನೊಂದು ವಿಚಿತ್ರ ಕಂಡ. ಆ ಇಬ್ಬರು ವಸಿಷ್ಠರಲ್ಲಿ ದೊಡ್ಡವನ ರೋಹಿತದ ಗೆರೆ ಕೆಲವು ದಿನ ಒಂದು, ಕೆಲವು ದಿನ ಎರಡು. ಆ ಗಾಜಿನ ಪ್ಲೇಟುಗಳ ಮೇಲೆ ಕೂತು ಕೆಲಸ ಮಾಡಿದವರು ಆಂಟೋನಿಯಾ ಮೌರಿ ಎಂಬ ಮಹಿಳೆ. ಒಂದೇ ಚುಕ್ಕಿ ಅಂದುಕೊಂಡಿದ್ದರಲ್ಲಿ ಹೆಚ್ಚು ಕಡಿಮೆ ಒಂದೇ ತೂಕದ ಎರಡು ನಕ್ಷತ್ರಗಳು ಇಪ್ಪತ್ತೂವರೆ ದಿನಕ್ಕೊಂದು ಸುತ್ತು ಹಾಕುತ್ತಿದ್ದವು. ಆಮೇಲೆ ಚಿಕ್ಕವನೂ ಇಬ್ಬರು ಅಂತ ಗೊತ್ತಾಯಿತು. 2009ರಲ್ಲಿ ಅರುಂಧತಿಯ ಪಕ್ಕದಲ್ಲೂ ಒಂದು ಮಂಕು ಕೆಂಪು ಕುಬ್ಜ ಸಿಕ್ಕಿತು. ವಸಿಷ್ಠನಲ್ಲಿ ನಾಲ್ಕು, ಅರುಂಧತಿಯಲ್ಲಿ ಎರಡು, ಒಟ್ಟು ಆರು.

ಮೈಕು ಹಿಡಿದ ಹಿರಿಯರು ಹುಡುಕುತ್ತಿದ್ದ ಸಮಸಮ ದಂಪತಿ ನಿಜಕ್ಕೂ ಅಲ್ಲಿದ್ದಾರೆ ನೋಡಿ. ಆದರೆ ಅವರು ಹೇಳಿದ ಜಾಗದಲ್ಲಲ್ಲ, ವಸಿಷ್ಠನ ಒಳಗೆ. ಬರಿಗಣ್ಣಿಗೆ ಯಾವತ್ತೂ ಕಾಣದ ಕಡೆ.

ಇನ್ನು ಉಳಿದ ಋಷಿಗಳ ಕಥೆ. ಮಂಚದ ನಾಲ್ಕು ಕಾಲುಗಳು ಕ್ರತು, ಪುಲಹ, ಪುಲಸ್ತ್ಯ, ಅತ್ರಿ. ಬಾಲದಲ್ಲಿ ಮೂವರು, ಅಂಗಿರಸ, ವಸಿಷ್ಠ, ತುದಿಯಲ್ಲಿ ಮರೀಚಿ. ಏಳರಲ್ಲಿ ಅತಿ ಪ್ರಕಾಶದವನು ಅಂಗಿರಸ, ಅತಿ ಮಂಕು ಅತ್ರಿ. ಸಾಮಾನ್ಯವಾಗಿ ಒಂದು ನಕ್ಷತ್ರಪುಂಜದ ಚುಕ್ಕಿಗಳಿಗೂ ಒಂದಕ್ಕೊಂದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಒಂದು ಹತ್ತಿರ, ಒಂದು ದೂರ, ನಮ್ಮ ಕಣ್ಣು ಗೆರೆ ಎಳೆದು ಸೇರಿಸಿರುತ್ತದೆ. ಆದರೆ 1869ರಲ್ಲಿ ರಿಚರ್ಡ್ ಪ್ರಾಕ್ಟರ್ ಅನ್ನುವವರು ಗಮನಿಸಿದ್ದು ಏನೆಂದರೆ, ಈ ಏಳರಲ್ಲಿ ಐದು, ಅಂದರೆ ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಹೊರಟಿವೆ. ಜೊತೆಯಲ್ಲಿ ಅರುಂಧತಿಯೂ. ಎಲ್ಲವೂ ಹೆಚ್ಚು ಕಡಿಮೆ 80ರಿಂದ 83 ಜ್ಯೋತಿರ್ವರ್ಷ ದೂರದಲ್ಲಿವೆ. ಒಂದೇ ಮೋಡದಲ್ಲಿ ಕೆಲವು ನೂರು ಮಿಲಿಯನ್ ವರ್ಷಗಳ ಹಿಂದೆ ಹುಟ್ಟಿದ ಒಡಹುಟ್ಟಿದವರು. ಎರಡು ತುದಿಯವರು ಮಾತ್ರ ಹೊರಗಿನವರು. ಕ್ರತು ಸುಮಾರು 120 ಜ್ಯೋತಿರ್ವರ್ಷ ದೂರದ ಕಿತ್ತಳೆ ಬಣ್ಣದ ದೈತ್ಯ, ಗಮನ ಕೊಟ್ಟು ನೋಡಿದರೆ ಬರಿಗಣ್ಣಿಗೇ ಬಣ್ಣ ಗೊತ್ತಾಗುತ್ತದೆ. ಮರೀಚಿ ಸುಮಾರು 104 ಜ್ಯೋತಿರ್ವರ್ಷ ದೂರದ ನೀಲಿ-ಬಿಳಿ ನಕ್ಷತ್ರ, ಮೈ ಬಿಸಿ ಸೂರ್ಯನ ಎರಡೂವರೆ ಪಟ್ಟಿಗೂ ಹೆಚ್ಚು. ಇವರಿಬ್ಬರ ದಾರಿಯೇ ಬೇರೆ. ಒಂದು ಲಕ್ಷ ವರ್ಷ ಕಳೆದರೆ ಈ ಮಂಚವೂ ಇರುವುದಿಲ್ಲ, ಬಾಲವೂ ಇರುವುದಿಲ್ಲ, ಆಕಾರವೇ ಬೇರೆ. ಹೇಳಿ, ಇದನ್ನು ಯಾವ ಫಾರ್ವರ್ಡಿನಲ್ಲಾದರೂ ಓದಿದ್ದೀರಾ?

ಹಾಗಂತ ‘ಹಳೆಯದೆಲ್ಲ ಬೊಗಳೆ’ ಅನ್ನುವ ನನ್ನ ಆಫೀಸಿನ ಗೆಳೆಯರ ಪಾರ್ಟಿಗೂ ನಾನು ಸೇರಿದವನಲ್ಲ. ಅವರನ್ನೂ ಕೇಳಿದ್ದೇನೆ, ‘ಅರುಂಧತಿ ನೋಡಿದ್ದೀರಾ?’ ಅಂತ. ಕೇಬಲ್ಲಿನಲ್ಲಿ ಬಂದಿದ್ದ ಆ ಹೆಸರಿನ ತೆಲುಗು ಸಿನಿಮಾ ನೋಡಿದ್ದರು. ಅಪಹಾಸ್ಯ ಮಾಡುವವರೂ ಕತ್ತೆತ್ತಿಲ್ಲ, ಜಂಬ ಕೊಚ್ಚುವವರೂ ಕತ್ತೆತ್ತಿಲ್ಲ.

ಕತ್ತೆತ್ತಿದವರು ಹಿಂದಿನವರು. ಆಶ್ವಲಾಯನ ಗೃಹ್ಯಸೂತ್ರ ಏನು ಹೇಳುತ್ತದೆ ಗೊತ್ತಾ? ಮದುವೆಯ ದಿನ ವಧು ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ನೋಡಿದ ಮೇಲೆಯೇ ಮೌನ ಮುರಿಯಬೇಕು. ಅಂದರೆ ಕತ್ತಲಾಗುವ ತನಕ ಕಾಯಬೇಕು, ಹೊರಗೆ ಹೋಗಬೇಕು, ನಿಜವಾಗಿ ನೋಡಬೇಕು. ಫ್ಯಾನು ನೋಡಿದರೆ ಲೆಕ್ಕಕ್ಕಿಲ್ಲ! ಇನ್ನೂ ಹಿಂದಕ್ಕೆ ಹೋದರೆ, ಶತಪಥ ಬ್ರಾಹ್ಮಣದಲ್ಲಿ ಈ ಸಪ್ತರ್ಷಿಗಳನ್ನು ಮೊದಲು ‘ಋಕ್ಷ’ ಅನ್ನುತ್ತಿದ್ದರು ಅಂತ ಬರುತ್ತದೆ. ಋಕ್ಷ ಅಂದರೆ ಕರಡಿ. ಗ್ರೀಕರೂ ಇದನ್ನು ಕರಡಿ ಅಂತಲೇ ಕರೆದರು. ಎಂಥಾ ರೋಚಕ ವಿಷಯ! ಮತ್ತೆ ವೇದಾಂತದಲ್ಲಿ ‘ಸ್ಥೂಲಾರುಂಧತೀ ನ್ಯಾಯ’ ಅಂತ ಒಂದಿದೆ, ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಬಳಸಿದ್ದಾರೆ. ಅರುಂಧತಿ ಸಣ್ಣ ಚುಕ್ಕಿ, ಒಮ್ಮೆಲೇ ತೋರಿಸಲಾಗದು. ಆದ್ದರಿಂದ ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನೇ ‘ಇದು ಅರುಂಧತಿ’ ಅಂತ ತೋರಿಸು. ಕಣ್ಣು ಅಲ್ಲಿ ನಿಂತ ಮೇಲೆ ‘ಅದಲ್ಲ, ಅದರ ಪಕ್ಕದ್ದು’ ಅನ್ನು. ದಪ್ಪದಿಂದ ಸೂಕ್ಷ್ಮಕ್ಕೆ, ಒಂದೊಂದೇ ಮೆಟ್ಟಿಲು. ಗೆಲಿಲಿಯೋನಿಂದ 2009ರವರೆಗೆ ಆಗಿದ್ದೂ ಇದೇ ಅಲ್ಲವೇ? ಒಂದು ಅಂದುಕೊಂಡಿದ್ದು ಎರಡು, ಎರಡು ಅಂದುಕೊಂಡಿದ್ದು ನಾಲ್ಕು. ನಮ್ಮ ಹಿರಿಯರು ಬಿಟ್ಟುಹೋದ ನಿಜವಾದ ಆಸ್ತಿ ಈ ನೋಡುವ ಕ್ರಮ. ನಾವು ಮೊದಲನೇ ಮೆಟ್ಟಿಲಿನಲ್ಲೇ ಕೂತು ‘ತುದಿ ಮುಟ್ಟಿದ್ದೇವೆ’ ಅಂತ ಮೈಕಿನಲ್ಲಿ ಕೂಗುತ್ತಿದ್ದೇವೆ.

ನನಗೆ ಇದು ಯಾಕೆ ಇಷ್ಟು ಉರಿಯುತ್ತದೆ ಅಂದರೆ, ಈ ನಕ್ಷತ್ರದ ಋಣ ನನ್ನ ಮೇಲಿದೆ.

ನಮ್ಮೂರು ಚಳ್ಳಕೆರೆ ಕಡೆ. ಮಾಳಿಗೆ ಮನೆ. ಬೇಸಿಗೆ ರಜದಲ್ಲಿ ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಮಲಗುವುದು. ಸಪ್ತರ್ಷಿಗಳಿಗೂ ಅದೇ ಕಾಲ. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ತಾತ ಚಾಪೆ ಮೇಲೆ ಮಲಗಿ ಒಂದೊಂದೇ ತೋರಿಸುತ್ತಿದ್ದರು. ‘ನಾಲ್ಕು ಕಾಲಿನ ಮಂಚ ಕಾಣ್ತಾ? ಬಾಲದಾಗೆ ನಡುವಿಂದು ನೋಡು. ಅದ್ರ ಪಕ್ಕ ಸಣ್ಣದು ಐತಲ್ಲ?’ ಅಂದರು. ನನಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ತಂಗಿಗೆ ಕಂಡಿತು, ಅತ್ತೆಗೆ ಕಂಡಿತು. ಅವಮಾನ ಆಗಿ ‘ಹ್ಞೂ, ಕಾಣ್ತು’ ಅಂದೆ. ತಾತ ಸುಮ್ಮನಿರಲಿಲ್ಲ. ‘ಯಾವ ಕಡೆಗೈತೆ ಹೇಳು, ಮೇಲಕ್ಕೋ ಕೆಳಕ್ಕೋ?’ ಅಂದರು. ನಾನು ಬಾಯಿಗೆ ಬಂದದ್ದು ಹೇಳಿದೆ. ತಾತ ಬೈಯಲಿಲ್ಲ. ‘ಸುಳ್ಳು ಹೇಳಬ್ಯಾಡ ಕಣಪ್ಪ, ಕಾಣದಿದ್ರೆ ಕಾಣಲ್ಲ ಅನ್ನು’ ಅಂದರು, ಅಷ್ಟೇ. ಮಾರನೇ ವಾರ ನನ್ನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಎರಡು ಕಣ್ಣಿಗೂ ಮೈನಸ್ ಎರಡು! ಅಲ್ಲಿಯವರೆಗೆ ಕರಿ ಹಲಗೆಯ ಮೇಲೆ ಬರೆದದ್ದು ಎಲ್ಲರಿಗೂ ಹಾಗೇ ಮಸುಕು ಅಂದುಕೊಂಡಿದ್ದೆ. ಕನ್ನಡಕ ಬಂದ ರಾತ್ರಿ ಮಾಳಿಗೆ ಹತ್ತಿ ಅರುಂಧತಿ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ಎರಡು ಬೇರೆ ಬೇರೆ ಚುಕ್ಕಿ, ಸೂಜಿಯಲ್ಲಿ ಚುಚ್ಚಿದ ಹಾಗೆ.

ಸುಶ್ರುತ ಸಂಹಿತೆಯಲ್ಲಿ ಅರುಂಧತಿ, ಧ್ರುವ, ಆಕಾಶಗಂಗೆ ಕಾಣದವನ ಆಯುಸ್ಸು ಮುಗಿಯಿತು ಅಂತ ಬರುತ್ತದೆ. ಅರಬರಲ್ಲೂ ಇದೇ ಜೋಡಿಯಲ್ಲಿ ಕಣ್ಣಿನ ಚುರುಕು ಪರೀಕ್ಷಿಸುವ ರೂಢಿ ಇತ್ತು. ನಮ್ಮ ತಾತ ಸುಶ್ರುತ ಓದಿದವರಲ್ಲ. ಆದರೆ ‘ಕಾಣಲಿಲ್ಲ’ ಅನ್ನುವ ಮಾತನ್ನು ಅವರು ಗಂಭೀರವಾಗಿ ತೆಗೆದುಕೊಂಡರು. ಅವತ್ತು ಅವರೂ ‘ಕಂಡಿತಂತೆ, ಆಯ್ತು’ ಅಂತ ಸುಮ್ಮನಾಗಿದ್ದರೆ ನಾನು ಮಸುಕು ಹಲಗೆ ಮುಂದೆ ಕೂತು ಎಷ್ಟು ವರ್ಷ ದಡ್ಡ ಅನ್ನಿಸಿಕೊಳ್ಳುತ್ತಿದ್ದೆನೋ.

ಮದುವೆ ದಿನಕ್ಕೆ ವಾಪಸ್ ಬರೋಣ. ರಾತ್ರಿ ರಿಸೆಪ್ಷನ್ನಿನ ನಡುವೆ ಒಂಬತ್ತೂವರೆಗೆ ಆ ಹುಡುಗನನ್ನು ಕರೆದುಕೊಂಡು ಮಂಟಪದ ಟೆರೇಸಿಗೆ ಹೋದೆ. ಸಪ್ತರ್ಷಿ ಬಹುತೇಕ ನೇರ ಉತ್ತರಕ್ಕೆ ಏರಿ ನಿಂತಿರುವ ಹೊತ್ತು. ಆದರೆ ಕೆಳಗೆ ಸೀರಿಯಲ್ ಸೆಟ್ಟು, ಗೇಟಿನಲ್ಲಿ ಫ್ಲಡ್‌ಲೈಟು, ಎದುರು ಕಟ್ಟಡದ ಮೇಲೆ ಹೊಳೆಯುವ ಜಾಹೀರಾತು, ಆಕಾಶಕ್ಕೇ ಬಿಟ್ಟ ತಿರುಗುವ ಲೈಟು. ಏಳರಲ್ಲಿ ಆರು ಹೇಗೋ ಹುಡುಕಿದೆವು. ಅತ್ರಿ ಕಾಣಲಿಲ್ಲ. ಅರುಂಧತಿಯಂತೂ ಇಲ್ಲವೇ ಇಲ್ಲ. ಕನ್ನಡಕ ಒರೆಸಿ ಒರೆಸಿ ನೋಡಿದೆ. ಅವನು ಹತ್ತು ನಿಮಿಷ ಕತ್ತೆತ್ತಿ ನಿಂತು, ಕೊನೆಗೆ ‘ಹಾಗಾದ್ರೆ ಬೆಳಿಗ್ಗೆ ಎಲ್ಲರೂ ಸುಳ್ಳು ಹೇಳಿದ್ದಾ ಮಾಮ?’ ಅಂದ.

ಇದಕ್ಕೆ ಏನು ಹೇಳಲಿ ಹೇಳಿ. ಹೌದು ಅಂದರೆ ಅವರಮ್ಮ ಅಪ್ಪ ಅಜ್ಜಿ ಎಲ್ಲರೂ ಸುಳ್ಳುಗಾರರು. ಅಲ್ಲ ಅಂದರೆ ನಾನೊಬ್ಬ ಸುಳ್ಳುಗಾರ. ‘ನಕ್ಷತ್ರ ಸುಳ್ಳಲ್ಲ ಪುಟ್ಟ, ನಾವು ನೋಡಿದ್ವಿ ಅಂದದ್ದು ಸುಳ್ಳು’ ಅಂದೆ. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಐಸ್‌ಕ್ರೀಂ ತಿನ್ನಲು ಇಳಿದು ಹೋದ. ಕಾಣದ್ದನ್ನು ಕಂಡೆ ಅನ್ನುವುದನ್ನು ಮಕ್ಕಳು ಕಲಿಯುವುದು ಇಂಥ ಕಡೆಯೇ. ಹಿರಿಯರೆಲ್ಲ ನಗುನಗುತ್ತಾ, ಫೋಟೋಗೆ ಪೋಸು ಕೊಟ್ಟು ಕಲಿಸುತ್ತಾರೆ. ನಾಳೆ ಆಫೀಸಿನಲ್ಲಿ ಟೆಸ್ಟ್ ಮಾಡದೇ ‘ಪಾಸ್’ ಅಂತ ಬರೆಯುವವನೂ ಇವನೇ, ಓದದೇ ಸಹಿ ಹಾಕುವವನೂ ಇವನೇ.

ಸುಶ್ರುತರ ಮಾತನ್ನೇ ಹಿಡಿದರೆ ಇವತ್ತು ಬೆಂಗಳೂರಿನ ನಡುಮಧ್ಯದಲ್ಲಿರುವವರೆಲ್ಲ ಆಯುಸ್ಸು ಮುಗಿದವರೇ! ಅರುಂಧತಿ ಇಲ್ಲ, ಆಕಾಶಗಂಗೆ ಇಲ್ಲ, ಧ್ರುವನನ್ನು ಬರೀ ಹದಿಮೂರು ಡಿಗ್ರಿ ಎತ್ತರದಲ್ಲಿ, ಆ ಮಬ್ಬಿನಲ್ಲಿ ಹುಡುಕಬೇಕು. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ನಕ್ಷತ್ರ ನೋಡಲು ಲಡಾಖಿನ ಹಾನ್ಲೆವರೆಗೂ ಹೋಗಿದ್ದಾರೆ. 2022ರಲ್ಲಿ ಅಲ್ಲಿ ಕತ್ತಲೆಗೆಂದೇ ಒಂದು ರಕ್ಷಿತ ಪ್ರದೇಶ ಘೋಷಿಸಿದರು. ಹುಲಿಗೆ, ಆನೆಗೆ ಅಭಯಾರಣ್ಯ ಮಾಡಿದ ಹಾಗೆ ಈಗ ಕತ್ತಲೆಗೂ ಮಾಡಬೇಕಾಗಿದೆ. ಪರಂಪರೆ ಉಳಿಸಿ ಅಂತ ಫಾರ್ವರ್ಡ್ ಮಾಡುವವರಲ್ಲಿ ಒಬ್ಬರಾದರೂ ಈ ಆಕಾಶವನ್ನೂ ಉಳಿಸಿ ಅಂದಿದ್ದನ್ನು ನಾನು ಕೇಳಿಲ್ಲ. ಅರುಂಧತಿಯೇ ಅಳಿಸಿಹೋದ ಆಕಾಶದ ಕೆಳಗೆ ಅರುಂಧತಿಯ ಹಿರಿಮೆಯ ಭಾಷಣ!

ಊಟದ ಹೊತ್ತಿಗೆ ಪುರೋಹಿತರನ್ನೇ ಮೆಲ್ಲಗೆ ಕೇಳಿದ್ದೆ. ಅವರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. ‘ರಾತ್ರಿಯೇ ತೋರಿಸಬೇಕಪ್ಪಾ, ಇರೋದು ಹಾಗೇ. ಆದ್ರೆ ಸಂಜೆ ರಿಸೆಪ್ಷನ್ನಿಗೆ ಹುಡುಗಿ ಮೇಕಪ್ಪಿಗೆ ಕೂತಿರ್ತಾಳೆ, ನಮ್ಮನ್ನ ಯಾರು ಕರೀತಾರೆ?’ ಅಂದರು. ಸರಿಯೇ. ತಪ್ಪು ಅವರದ್ದಲ್ಲ, ಕರೆಯದ ನಮ್ಮದು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಬೆಳಿಗ್ಗೆ ಮಂತ್ರ ಹೇಳಿ, ಬೇಡ ಅನ್ನಲ್ಲ. ಆದರೆ ‘ಕಂಡಳಾ’ ಅಂದಾಗ ‘ಇಲ್ಲ, ರಾತ್ರಿ ನೋಡ್ತೀವಿ’ ಅನ್ನಿ. ರಾತ್ರಿ ಐದು ನಿಮಿಷ ಟೆರೇಸಿನ ದೀಪ, ಗೇಟಿನ ದೀಪ ಆರಿಸಿಸಿ, ಹುಡುಗ-ಹುಡುಗಿಯನ್ನು ಮೇಲೆ ಕರೆದುಕೊಂಡು ಹೋಗಿ. ಕಂಡರೆ ಕಂಡಳು ಅನ್ನಿ. ಕಾಣದಿದ್ದರೆ ಕಾಣಲಿಲ್ಲ ಅನ್ನಿ, ಮುಂದಿನ ಸಲ ಊರಿಗೆ ಹೋದಾಗ ನೋಡಿ. ಸಂಸಾರ ಶುರು ಮಾಡುವ ದಿನ ಇಬ್ಬರೂ ಸೇರಿ ಹೇಳುವ ಮೊದಲನೇ ಮಾತೇ ಸುಳ್ಳಾಗುವುದು ಬೇಡ.

ನೋಡುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಏಪ್ರಿಲ್-ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಏಪ್ರಿಲ್‌ನಲ್ಲಿ ಈಶಾನ್ಯದ ಕಡೆ, ಮೇ ಕೊನೆಗೆ ನೇರ ಉತ್ತರ. ಚಳಿಗಾಲದಲ್ಲಾದರೆ ಸಂಜೆ ಸಿಗುವುದಿಲ್ಲ, ಬೆಳಗಿನ ಜಾವ ಐದಕ್ಕೆ ಏಳಬೇಕು. ಮಂಚ ಹುಡುಕಿ. ಬಾಲದ ವಿರುದ್ಧ ದಿಕ್ಕಿನ ಎರಡು ಕಾಲುಗಳು ಪುಲಹ ಮತ್ತು ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಅದೇ ದಾರಿಯಲ್ಲಿ ಐದು ಪಟ್ಟು ಮುಂದೆ ಹೋದರೆ ಧ್ರುವ. ಬಾಲದ ನಡುವಿನವನು ವಸಿಷ್ಠ. ಐದು ನಿಮಿಷ ಫೋನು ಜೇಬಿನಲ್ಲಿಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಕನ್ನಡಕ ಇದ್ದವರು ಹಾಕಿಕೊಳ್ಳಿ :-)

ತಾತ ಹುಟ್ಟಿದ್ದು 1942ರಲ್ಲಿ. ಈಗ ಅವರಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿರುವ ಅರುಂಧತಿಯ ಬೆಳಕು ಅವರು ಹುಟ್ಟಿದ ಆಸುಪಾಸಿನಲ್ಲಿ ಅಲ್ಲಿಂದ ಹೊರಟದ್ದು. ಇದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಬರೀ ಲೆಕ್ಕ. ಆದರೂ ಊರಿಗೆ ಹೋದಾಗಲೆಲ್ಲ ಮಾಳಿಗೆ ಹತ್ತುತ್ತೇನೆ. ದಸರಾಗೆ ಆ ಹುಡುಗ ಬರುತ್ತೇನೆ ಅಂದಿದ್ದ, ದಸರಾದಲ್ಲಿ ಸಪ್ತರ್ಷಿ ಸಿಗಲ್ಲ, ಬೇಸಿಗೆಗೆ ಬಾ ಅಂದಿದ್ದೇನೆ. ಅವನಿಗೂ ಕಣ್ಣು ಪರೀಕ್ಷೆ ಮಾಡಿಸಿ ಅಂತ ಅವರಮ್ಮನಿಗೂ ಹೇಳಿದ್ದೇನೆ, ಅವನು ಫೋನನ್ನು ಮೂಗಿಗೆ ಅಂಟಿಸಿಕೊಂಡು ನೋಡುವುದು ಯಾಕೋ ಅನುಮಾನ.

ಬ್ಲಾಗಿಗ ಮಿತ್ರರೇ, ನಿಮಗೂ ಒಂದು ಪ್ರಶ್ನೆ. ಮದುವೆಯಾದವರು ಪ್ರಾಮಾಣಿಕವಾಗಿ ಹೇಳಿ, ಅವತ್ತು ಪುರೋಹಿತರು ‘ಕಂಡಳಾ’ ಅಂದಾಗ ನೀವೇನಂದಿರಿ? ಆಮೇಲೆ ಒಂದು ರಾತ್ರಿಯಾದರೂ ಹೊರಗೆ ಬಂದು ನೋಡಿದಿರಾ? ನೋಡಿಲ್ಲದಿದ್ದರೆ ನೋಡಿ ಬಂದು ಬರೆಯಿರಿ. ಬೈಯುವುದಿದ್ದರೂ ಬೈಯಿರಿ, ಆದರೆ ಒಮ್ಮೆ ಕತ್ತೆತ್ತಿ ನೋಡಿದ ಮೇಲೆ.